ಪಿಂಗ್ ಬರುತ್ತದೆ, ಎಸ್‌ಎಸ್‌ಎಚ್ ಅರ್ಧಕ್ಕೇ ನಿಲ್ಲುತ್ತದೆ. ಯಾರಾದರೂ ನೋಡಿ

ಡೊಂಬಿವಲಿ ಲೋಕಲ್: ಎರಡು ದಿನದಿಂದ ತಲೆ ಕೆಟ್ಟಿದೆ. ಮನೆಯಿಂದ ವಿಪಿಎಸ್‌ಗೆ (ಬಾಡಿಗೆ ಸರ್ವರ್) ಲಾಗಿನ್ ಆಗುತ್ತಿಲ್ಲ. ಸರ್ವರ್ ಎದ್ದಿದೆಯಾ ಎಂದು ಕೇಳುವ ಪಿಂಗ್‌ಗೆ ಉತ್ತರ ಚೆನ್ನಾಗಿ ಬರುತ್ತದೆ. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಕನೆಕ್ಟ್ ಆಗುತ್ತದೆ, ಎರಡೂ ಕಡೆಯವು ಗುಪ್ತಲಿಪಿಯ ಕೀ ಬದಲಾಯಿಸಿಕೊಳ್ಳುವ ಹೊತ್ತಿಗೆ ಉತ್ತರ ಕಾಯುತ್ತಾ ಹಾಗೇ ನಿಂತುಬಿಡುತ್ತದೆ. ನಮ್ಮ ಸಂಘದ ನಾಟಕದ ಟಿಕೆಟ್ ಪುಟ ಅದರಲ್ಲೇ ಇದೆ, ಶನಿವಾರ ಪ್ರದರ್ಶನ. ನಾನು ಏನೂ ಬದಲಾಯಿಸಿಲ್ಲ.

ಕೋಥ್ರೂಡ್ ರ‍್ಯಾಕ್: ಫೈರ್‌ವಾಲ್. ನೂರಕ್ಕೆ ನೂರು. ಎಸ್‌ಎಸ್‌ಎಚ್ ಬರುವ ಬಾಗಿಲು, 22ನೇ ಪೋರ್ಟ್, ತೆರೆದಿದೆಯಾ ನೋಡಿ.

ಡೊಂಬಿವಲಿ ಲೋಕಲ್: ತೆರೆದಿದೆ ಸಾರ್. ಮುಚ್ಚಿದ್ದರೆ ಕನೆಕ್ಟೇ ಆಗುತ್ತಿರಲಿಲ್ಲ ಅಲ್ವಾ?

ಕೋಥ್ರೂಡ್ ರ‍್ಯಾಕ್: ಹಾಗಾದರೆ ತಪ್ಪು ಲಾಗಿನ್ ಹೆಚ್ಚಾದರೆ ತಡೆಯುವ ಫೇಲ್‌ಟುಬ್ಯಾನ್ ನಿಮ್ಮ ಐಪಿ ವಿಳಾಸ ತಡೆದಿದೆ. 22 ಬಿಟ್ಟು ಬೇರೆ ಪೋರ್ಟಿಗೆ ಹೋಗಿ, ಆಗ ಸೇಫ್.

ಮಾಟುಂಗಾ ಫಿಲ್ಟರ್ ಕಾಫಿ: ಪೋರ್ಟ್ ಬದಲಾಯಿಸಿದರೆ ಲಾಗ್‌ನಲ್ಲಿ ಕಳ್ಳ ಲಾಗಿನ್ ಪ್ರಯತ್ನಗಳ ಗಲಾಟೆ ಕಡಿಮೆಯಾಗುತ್ತದೆ, ಅಷ್ಟೇ. ಸೇಫ್ ಆಗಬೇಕಾದರೆ ಪಾಸ್‌ವರ್ಡ್ ತೆಗೆದು ಲಾಗಿನ್ ಕೀ ಫೈಲ್ ಮಾತ್ರ ಇಡಬೇಕು.

ಕೋಥ್ರೂಡ್ ರ‍್ಯಾಕ್: ನನಗೆ ಹೇಳಬೇಡಿ. ಹಾಲ್‌ನ ಮೂಲೆಯಲ್ಲಿ ಮೂರು ಸರ್ವರ್, ಎರಡು ಯುಪಿಎಸ್ ಇಟ್ಟಿದ್ದೇನೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ಎರಡು ಗಂಟೆ ಓಡುತ್ತವೆ.

ವಾಶಿ ಪ್ಯಾಕೆಟ್: ಅದು ಆಮೇಲೆ. ಲೋಕಲ್ ಅವರೇ, ಮೊಬೈಲ್ ಹಾಟ್‌ಸ್ಪಾಟ್‌ನಿಂದ ಆಗುತ್ತದಾ?

ಡೊಂಬಿವಲಿ ಲೋಕಲ್: ಹೂಂ, ಅದರಲ್ಲಿ ಆಗುತ್ತದೆ. ಅದಕ್ಕೇ ಮನೆಯಿಂದ ಅಂತ ಬರೆದಿದ್ದು.

ಕೋಥ್ರೂಡ್ ರ‍್ಯಾಕ್: ನೋಡಿ, ಐಪಿ ಬ್ಲಾಕ್!

ವಾಶಿ ಪ್ಯಾಕೆಟ್: ಬ್ಲಾಕ್ ಆಗಿದ್ದರೆ ಕೀ ತನಕ ಬರುತ್ತಲೇ ಇರಲಿಲ್ಲ. ಡೇಟಾದ ಸಣ್ಣ ಪ್ಯಾಕೆಟ್ ದಾಟುತ್ತಿದೆ, ದೊಡ್ಡದು ಸಾಯುತ್ತಿದೆ. ದಾರಿಯಲ್ಲಿ ತುಂಡು ಮಾಡಬಾರದು ಎಂಬ ಆಯ್ಕೆ ಹಾಕಿ 1472 ಬೈಟಿನ ಪಿಂಗ್ ಕಳಿಸಿ, ಆಮೇಲೆ 1464. ರೂಟರ್ ಯಾವಾಗಿನದು?

ಡೊಂಬಿವಲಿ ಲೋಕಲ್: 1472 ಹೋಗಲಿಲ್ಲ, 1464 ಹೋಯಿತು! ರೂಟರ್ ಭಾನುವಾರ ಹಾಕಿದ್ದು. ಹಳೆಯದು ಸಿಡಿಲಿಗೆ ಸುಟ್ಟುಹೋಯಿತು. ಸರ್ವರ್‌ನಲ್ಲಿ ಏನೂ ಮುಟ್ಟಿಲ್ಲ ಎನ್ನುವ ಅರ್ಥದಲ್ಲಿ ಬರೆದಿದ್ದೆ.

ವಾಶಿ ಪ್ಯಾಕೆಟ್: ಅದೇ ಬೇಕಿತ್ತು. ಹೆಡರಿನ 28 ಸೇರಿಸಿದರೆ ಒಂದು 1500, ಇನ್ನೊಂದು 1492. ನಿಮ್ಮದು ಪಿಪಿಪಿಒಇ ಲೈನ್ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ತೆರೆಯುವ ಬ್ರಾಡ್‌ಬ್ಯಾಂಡ್), ಅದರ ಹೆಡರಿಗೇ 8 ಬೈಟ್ ಹೋಗುತ್ತದೆ. ಹಳೆ ರೂಟರ್ ಎಂಎಸ್‌ಎಸ್ ಅನ್ನು (ಒಂದು ಪ್ಯಾಕೆಟ್‌ನಲ್ಲಿ ತುಂಬಬಹುದಾದ ಡೇಟಾದ ಮಿತಿ) ತಾನೇ 1452ಕ್ಕೆ ಇಳಿಸುತ್ತಿದ್ದಿರಬೇಕು, ಹೊಸದು ಇಳಿಸುತ್ತಿಲ್ಲ. ಸರ್ವರ್ 1500ರ ಪ್ಯಾಕೆಟ್ ಕಳಿಸುತ್ತದೆ. ನಡುವಿನ ರೂಟರ್ 'ಇದು ದೊಡ್ಡದು' ಎಂದು ಐಸಿಎಂಪಿ ಎಂಬ ಸೂಚನಾ ಸಂದೇಶದಲ್ಲಿ ವಾಪಸ್ ಹೇಳುತ್ತದೆ. ಅದು ನಿಮ್ಮ ಸರ್ವರ್‌ಗೆ ಮುಟ್ಟುತ್ತಿದೆಯಾ?

ಡೊಂಬಿವಲಿ ಲೋಕಲ್: ಸರ್ವರ್‌ನ ಫೈರ್‌ವಾಲ್‌ನಲ್ಲಿ ಐಸಿಎಂಪಿಯ ಪಿಂಗ್ ಒಂದನ್ನೇ ಒಳಗೆ ಬಿಟ್ಟಿದ್ದೇನೆ. ಉಳಿದದ್ದೆಲ್ಲ ಡ್ರಾಪ್. ಆ ರೂಲ್ ಹೋದ ವರ್ಷ ಹಾಕಿದ್ದು, ಎಲ್ಲಕ್ಕಿಂತ ಮೇಲಿದೆ.

ವಾಶಿ ಪ್ಯಾಕೆಟ್: ಹಾಟ್‌ಸ್ಪಾಟ್‌ನಿಂದ ಲಾಗಿನ್ ಆಗಿ ಐಸಿಎಂಪಿ ಟೈಪ್ 3, ಕೋಡ್ 4, ಅಂದರೆ ಆ 'ಇದು ದೊಡ್ಡದು' ಸಂದೇಶವನ್ನು, ಒಳಗೆ ಬರಲು ಬಿಡಿ. ರೂಟರ್‌ನಲ್ಲೂ ಎಂಎಸ್‌ಎಸ್ ಸರಿಮಾಡಿ.

ಕೋಥ್ರೂಡ್ ರ‍್ಯಾಕ್: ಫೈರ್‌ವಾಲ್ ಅಂತ ಮೊದಲೇ ಹೇಳಿದ್ದೆ.

ಮಾಟುಂಗಾ ಫಿಲ್ಟರ್ ಕಾಫಿ: ನೀವು ಹೇಳಿದ್ದು 22ನೇ ಪೋರ್ಟ್.

ಡೊಂಬಿವಲಿ ಲೋಕಲ್: ಆಯಿತು! ರೂಟರ್ ಇನ್ನೂ ಮುಟ್ಟಿಲ್ಲ, ರೂಲ್ ಬದಲಿಸಿದ ಕೂಡಲೇ ಲಾಗಿನ್ ಬಂತು. ವಾಶಿಯವರೇ, ದೊಡ್ಡ ಉಪಕಾರ. ಇನ್ನೊಂದು ವಿಷಯ. ಟಿಕೆಟ್ ಪುಟ ಬಿಳಿಯಾಗಿ ನಿಲ್ಲುತ್ತದೆ ಎಂದು ಸಂಘದ ಇಬ್ಬರು ಹಿರಿಯರು ತಿಂಗಳಿಂದ ಹೇಳುತ್ತಿದ್ದರು. ನಿಮ್ಮ ಕಂಪ್ಯೂಟರ್ ಹಳೆಯದು ಎಂದು ನಾನೇ ಅವರನ್ನು ಸುಮ್ಮನಾಗಿಸಿದ್ದೆ. ಈಗ ಫೋನ್ ಮಾಡಿ ಕೇಳಿದೆ. ಇಬ್ಬರಿಗೂ ತೆರೆಯಿತು.