ಹತ್ತು ಸುತ್ತಿನ ಗಂಟು, ಹಿನ್ನೀರಿನಲ್ಲಿ ತಪ್ಪಿದ ಮೀನು

ಸಾಗರದ ಭಾವ (ಫಾರ್ವರ್ಡ್ ಮಾಡಿದ್ದು): ಹುಳುವಿನ ರೂಪದ ಹಗುರ ಕೊಕ್ಕೆ ಬೀಸಿ ಮೀನು ಹಿಡಿಯುವ ಫ್ಲೈ ಫಿಶಿಂಗ್ ಕಲಿಸುವವರು ಹತ್ತಾರು ಗಂಟುಗಳ ಹೆಸರು ಹೇಳಿ ನಿಮ್ಮನ್ನು ಮರುಳು ಮಾಡುತ್ತಿದ್ದಾರೆ. ಕೊಕ್ಕೆಯ ಕಣ್ಣಿಗೆ ದಾರ ಪೋಣಿಸಿ, ಹತ್ತು ಸುತ್ತು ಸುತ್ತಿ, ತುದಿಯನ್ನು ಮೊದಲ ಕುಣಿಕೆಯೊಳಗೆ ತೂರಿಸಿ ಒಮ್ಮೆಲೇ ಜಗ್ಗಿದರೆ ದಾರದ ಪೂರ್ತಿ ಬಲ ಗಂಟಿಗೂ ಬರುತ್ತದೆ. ಸುತ್ತು ಹೆಚ್ಚಿದಷ್ಟೂ ಗಂಟು ಗಟ್ಟಿ. ಎಲ್ಲ ಕೆಲಸಕ್ಕೂ ಈ ಒಂದೇ ಗಂಟು ಸಾಕು. ಮೀನು ಹಿಡಿಯುವ ಎಲ್ಲರಿಗೂ ಕಳುಹಿಸಿ.

ಸಾಗರದ ಭಾವ: ನಾನು ಇಷ್ಟು ವರ್ಷ ಹೇಳುತ್ತಾ ಬಂದದ್ದನ್ನೇ ಯಾರೋ ತಿಳಿದವರು ಬರೆದಿದ್ದಾರೆ. ಶರಾವತಿ ಹಿನ್ನೀರಿನಲ್ಲಿ ಅಂದು ದಡದವರೆಗೆ ಬಂದ ಮೀನು ತಪ್ಪಿಹೋದದ್ದು ಯಾರು ಕಟ್ಟಿದ ಗಂಟಿನಿಂದ ಎಂಬುದನ್ನು ಹೊಸನಗರದವರು ಇದನ್ನು ಓದಿಯಾದರೂ ಒಪ್ಪಿಕೊಳ್ಳಲಿ.

ಹೊಸನಗರದ ಚಿಕ್ಕಪ್ಪ: ಗಂಟು ನನ್ನದು ನಿಜ, ಆದರೆ ದಾರ ನಿಮ್ಮದು. ಜೀಪಿನ ಹಿಂಬದಿಯ ಗಾಜಿನ ಕೆಳಗೆ ಬೇಸಿಗೆಯುದ್ದಕ್ಕೂ ಬಿಸಿಲಿನಲ್ಲಿ ಬಿದ್ದಿದ್ದ ನೈಲಾನ್ ದಾರವನ್ನು ತಂದುಕೊಟ್ಟು, ಅದು ತುಂಡಾದ ಮೇಲೆ ಗಂಟನ್ನು ದೂರುವುದು ಯಾವ ನ್ಯಾಯ? ಅಂದು ನಾನು ಹಾಕಿದ್ದು ಐದು ಸುತ್ತು, ಇಂದಿಗೂ ಹಾಕುವುದು ಐದೇ ಸುತ್ತು.

ಶಿವಮೊಗ್ಗದ ಅಕ್ಕ: ಹಳೆಯ ಮೀನಿನ ಮಾತು ಆಮೇಲಾಗಲಿ, ಈ ಬರಹದ ಮೂಲ ಯಾವುದೆಂದು ಭಾವ ಮೊದಲು ಹೇಳಲಿ. ಬರೆದವರ ಹೆಸರಿಲ್ಲ, ಪರೀಕ್ಷಿಸಿದ ದಾರ ನೈಲಾನೋ, ಫ್ಲೋರೋಕಾರ್ಬನ್ನೋ, ಹೆಣೆದದ್ದೋ ಎಂಬ ಮಾತಿಲ್ಲ, ಅದರ ದಪ್ಪವೆಷ್ಟು, ಒಣಗಿದ್ದಾಗ ಎಳೆದರೋ ನೆನೆಸಿ ಎಳೆದರೋ ತಿಳಿಯದು. ‘ಪೂರ್ತಿ ಬಲ’ ಎಂದು ಬರೆಯಬೇಕಾದರೆ ಯಾರಾದರೂ ತಕ್ಕಡಿಯ ಮುಳ್ಳನ್ನು ನೋಡಿರಬೇಕು, ನೋಡಿದವರು ಯಾರು?

ಸಾಗರದ ಭಾವ: ತೋಟಕ್ಕೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ವಿಷಯದಲ್ಲೂ ನೀನು ಹೀಗೆಯೇ ಮೂಲ ಕೇಳುತ್ತಾ ಕೂತಿದ್ದೆ. ಅನುಭವಕ್ಕೆ ಮೂಲ ಬೇಕಾಗುವುದಿಲ್ಲ.

ಶಿವಮೊಗ್ಗದ ಅಕ್ಕ: ಸುಣ್ಣದ ಪ್ರಮಾಣ ತಪ್ಪಿದ್ದರಿಂದಲೇ ಅಂದು ಕೇಳಿದೆ. ಇಂದೂ ಅದಕ್ಕೇ ಕೇಳುತ್ತಿದ್ದೇನೆ.

ದೊಡ್ಡಪ್ಪ: ಶೃಂಗೇರಿಯಲ್ಲಿ, ಚಿಪ್ಪಲಗುಡ್ಡೆಯಲ್ಲಿ ನಾವು ಮಂಡಕ್ಕಿ ಹಾಕಿ ಕೈಮುಗಿದು ಬರುವ ದೇವರ ಮೀನುಗಳು ಇದೇ ತುಂಗೆಯಲ್ಲಿವೆ. ಹೊಟ್ಟೆಗಾಗಿ ಗಾಳ ಹಾಕುವವರನ್ನು ನಾನು ಎಂದೂ ದೂರಿದವನಲ್ಲ, ಆದರೆ ಆಟಕ್ಕಾಗಿ ಮೀನಿನ ಬಾಯಿಗೆ ಕೊಕ್ಕೆ ಸಿಕ್ಕಿಸಿ ಎಳೆದಾಡಿ ಬಿಡುವುದಕ್ಕೆ ಯಾವ ಗಂಟು ಶ್ರೇಷ್ಠವೆಂದು ಈ ಮನೆಯ ಮಕ್ಕಳು ಚರ್ಚಿಸುವುದನ್ನು ಓದಲು ನನಗೆ ಸಂಕಟವಾಗುತ್ತದೆ.

ಕೊಪ್ಪದ ಅಣ್ಣ: ದೊಡ್ಡಪ್ಪ, ನಮ್ಮ ಕಾಲದಲ್ಲಿ ಗಾಳವೇ ಬೇಕಿರಲಿಲ್ಲ. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ಊರಿಗೆ ಊರೇ ಮೀನು ಹಿಡಿಯುವ ಬಿದಿರಿನ ಕೂಣಿ ಹಿಡಿದು ಕೆರೆಬೇಟೆಗೆ ಇಳಿಯುತ್ತಿದ್ದುದು, ಮಳೆ ಹಿಡಿದ ಹೊಸತರಲ್ಲಿ ಹರಿವಿಗೆ ಎದುರಾಗಿ ಹತ್ತಿ ಬರುವ ಹತ್ತುಮೀನಿಗಾಗಿ ರಾತ್ರಿಯೆಲ್ಲ ಗದ್ದೆಯ ಬದುವಿನಲ್ಲಿ ದೀಪ ಹಿಡಿದು ಅಲೆದದ್ದು ಯಾರಿಗೆ ಮರೆತೀತು? ಅಜ್ಜ ಕೂಣಿಯ ಬಿದಿರು ಕಡ್ಡಿಗಳನ್ನು ಬಿಗಿಯುವಾಗ ಹಾಕುತ್ತಿದ್ದ ಗಂಟು ಎಷ್ಟು ಕೆರೆ ಕಂಡರೂ ಸಡಿಲವಾದದ್ದಿಲ್ಲ.

ಹೊಸನಗರದ ಚಿಕ್ಕಪ್ಪ: ಆ ಕೂಣಿಯನ್ನು ಕೊನೆಗೆ ಕೊಪ್ಪಕ್ಕೆ ಒಯ್ದವರು ಯಾರು ಎಂಬುದನ್ನೂ ನಾವು ಮರೆತಿಲ್ಲ.

ಕ್ಯಾಲ್ಗರಿಯ ತಮ್ಮ: ಇಲ್ಲಿ ಊರ ನಡುವೆಯೇ ಹರಿಯುವ ಬೋ ನದಿಯಲ್ಲಿ ರೇನ್‌ಬೋ ಮತ್ತು ಬ್ರೌನ್ ಟ್ರೌಟ್ ಮೀನುಗಳಿಗೆ ಫ್ಲೈ ಬೀಸುವವನಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ. ನಮ್ಮ ಗಾಳದ ಕೋಲಿಗೆ ಇರುವುದು ಒಂದೇ ದಾರವಾದ್ದರಿಂದ ಒಂದೇ ಗಂಟು ಸಾಕೆಂಬ ಮಾತು ಊರಿನಲ್ಲಿ ನಿಜವೆನಿಸುತ್ತದೆ. ಫ್ಲೈ ಹಾಗಲ್ಲ. ಪುಕ್ಕ, ಕೂದಲು, ನೂಲು ಸುತ್ತಿ ಹುಳುವಿನ ರೂಪ ಕೊಟ್ಟ ಆ ಸಣ್ಣ ಕೊಕ್ಕೆಗೆ ತೂಕವೇ ಇಲ್ಲದಿರುವುದರಿಂದ, ಅದನ್ನು ದೂರಕ್ಕೆ ಒಯ್ಯುವುದು ದಪ್ಪನೆಯ ಫ್ಲೈ ಲೈನಿನ ಭಾರ. ಹೀಗಾಗಿ ರೀಲಿನಿಂದ ಕೊಕ್ಕೆಯವರೆಗೆ ರೀಲಿಗೆ ಮೊದಲು ಸುತ್ತುವ ಬ್ಯಾಕಿಂಗ್, ದಪ್ಪನೆಯ ಫ್ಲೈ ಲೈನ್, ತುದಿಯತ್ತ ತೆಳುವಾಗುತ್ತಾ ಹೋಗುವ ಲೀಡರ್, ಕೊಕ್ಕೆಗೆ ಕಟ್ಟುವ ತೆಳ್ಳನೆಯ ಟಿಪ್ಪೆಟ್ ಎಂಬ ನಾಲ್ಕು ದಾರಗಳು ಒಂದಕ್ಕೊಂದು ಸೇರಬೇಕು, ಮತ್ತು ಒಂದೊಂದು ಕೂಡಿಕೆಗೂ ಬೇರೆ ಕೆಲಸವಿರುತ್ತದೆ. ಬ್ಯಾಕಿಂಗನ್ನು ರೀಲಿಗೆ ಆರ್ಬರ್ ನಾಟ್ ಎಂಬ ಗಂಟಿನಿಂದ ಕಟ್ಟಿ, ಫ್ಲೈ ಲೈನಿಗೆ ಆಲ್‌ಬ್ರೈಟ್ ನಾಟ್‌ನಿಂದ ಸೇರಿಸುತ್ತಾರೆ. ಫ್ಲೈ ಲೈನ್ ಮತ್ತು ಲೀಡರ್ ಸೇರುವಲ್ಲಿ ಗಂಟು ಉಬ್ಬಿದ್ದರೆ ದಾರ ಹಾಯುವ ಕೋಲಿನ ಬಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಅಲ್ಲಿಗೆ ಮೊಳೆಯನ್ನೋ ಸಣ್ಣ ಕೊಳವೆಯನ್ನೋ ಒತ್ತಿಗಿಟ್ಟು ಸುತ್ತುವ, ತೆಳ್ಳಗೆ ಉದ್ದಕ್ಕೆ ಕೂರುವ ನೇಲ್ ನಾಟ್ ಬೇಕು. ಲೀಡರಿಗೆ ಟಿಪ್ಪೆಟ್ ಸೇರಿಸುವಾಗ ಎರಡರ ದಪ್ಪವೂ ಹತ್ತಿರ ಹತ್ತಿರವಿದ್ದರೆ ಬ್ಲಡ್ ನಾಟ್ ಚೆನ್ನಾಗಿ ಕೂರುತ್ತದೆ. ದಪ್ಪ ಬೇರೆಯಾಗಿದ್ದರೆ ಎರಡೂ ದಾರಗಳನ್ನು ಜೊತೆಗೂಡಿಸಿ ಕುಣಿಕೆಯೊಳಗೆ ಎರಡು ಮೂರು ಸಲ ತೂರಿಸುವ ಸರ್ಜನ್ಸ್ ನಾಟ್ ನಂಬಿಕೆಗೆ ಅರ್ಹ. ಮುಸ್ಸಂಜೆಯ ಚಳಿಗೆ ಬೆರಳು ಮರಗಟ್ಟಿದಾಗ ನಾನು ಯಾವ ಯೋಚನೆಯೂ ಇಲ್ಲದೆ ಸರ್ಜನ್ಸ್ ನಾಟ್ ಹಾಕುತ್ತೇನೆ.

ಕ್ಯಾಲ್ಗರಿಯ ತಮ್ಮ: ಇನ್ನು ಭಾವ ಕಳುಹಿಸಿದ ಗಂಟು. ಅದು ಕೊಕ್ಕೆಗೆ ಟಿಪ್ಪೆಟ್ ಕಟ್ಟುವ ಕ್ಲಿಂಚ್ ನಾಟ್, ಅದರಲ್ಲೂ ಅರ್ಧ ಕಟ್ಟಿದ್ದು. ತುದಿಯನ್ನು ಮೊದಲ ಕುಣಿಕೆಯಲ್ಲಿ ತೂರಿಸಿದ ಮೇಲೆ ಹೊಸದಾಗಿ ಉಂಟಾದ ದೊಡ್ಡ ಕುಣಿಕೆಯೊಳಗೂ ತೂರಿಸಿದರೆ ಮಾತ್ರ ಇಂಪ್ರೂವ್ಡ್ ಕ್ಲಿಂಚ್ ಆಗುತ್ತದೆ. 5ಎಕ್ಸ್ ಎಂದು ಕರೆಯುವ, ಸುಮಾರು 0.15 ಮಿಲಿಮೀಟರ್ ದಪ್ಪದ ಟಿಪ್ಪೆಟ್‌ಗೆ ಐದಾರು ಸುತ್ತು ಹಿತ, ದಾರ ದಪ್ಪವಾದಂತೆ ಸುತ್ತು ಕಡಿಮೆಯಾಗಬೇಕು. ಗಂಟು ಬಿಗಿಯುವಾಗ ಸುತ್ತುಗಳು ಒಂದರ ಮೇಲೊಂದು ಜಾರಿ ಕಣ್ಣಿನ ಬಳಿ ಸಾಲಾಗಿ ಕೂರಬೇಕು. ಹತ್ತು ಸುತ್ತಾದರೆ ಉಜ್ಜಾಟ ಹೆಚ್ಚಿ ಕೆಲವು ಸುತ್ತುಗಳು ಕೂರುವುದೇ ಇಲ್ಲ, ಇಲ್ಲವೇ ಒಂದನ್ನೊಂದು ಅಡ್ಡ ಹಾಯುತ್ತವೆ. ಒಮ್ಮೆಲೇ ಜಗ್ಗಿದರೆ ಆ ಉಜ್ಜಾಟದ ಬಿಸಿಗೆ ನೈಲಾನ್ ಸೊರಗುತ್ತದೆ. ನೀರಿನಲ್ಲೋ ಎಂಜಲಿನಲ್ಲೋ ಗಂಟನ್ನು ನೆನೆಸಿ, ನಿಧಾನವಾಗಿ ಒಂದೇ ಸಮನೆ ಎಳೆದು, ಸುತ್ತುಗಳು ಸಾಲಾಗಿ ಕೂತಿವೆಯೇ ಎಂದು ಕಣ್ಣಾರೆ ನೋಡಿ, ಕೈಯಿಂದ ಒಮ್ಮೆ ಜಗ್ಗಿ ನೋಡದ ಯಾವ ಗಂಟನ್ನೂ ನೀರಿಗೆ ಬಿಡಬಾರದು.

ಶಿವಮೊಗ್ಗದ ಅಕ್ಕ: ಇದರಲ್ಲಿ ಕಾರಣವಿದೆ. ಆದರೆ ದಾರ ಕೈಕೊಟ್ಟ ಮೇಲೆ ತಪ್ಪು ಗಂಟಿನದೋ ದಾರದ್ದೋ ಎಂದು ತಿಳಿಯಲು ದಾರಿಯುಂಟೇ?

ಕ್ಯಾಲ್ಗರಿಯ ತಮ್ಮ: ಉಂಟು, ಕೈಯಲ್ಲಿ ಉಳಿದ ತುದಿಯೇ ಹೇಳುತ್ತದೆ. ತುದಿ ಹಂದಿಯ ಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿ ಬಿಚ್ಚಿಕೊಂಡಿದೆ ಎಂದು ಅರ್ಥ. ದಾರ ಕೊಕ್ಕೆಗಿಂತ ಬಹಳ ಮೇಲೆ ತುಂಡಾಗಿದ್ದರೆ ದಾರ ಹಳತಾಗಿತ್ತು, ಕಲ್ಲಿಗೆ ಉಜ್ಜಿತ್ತು, ಇಲ್ಲವೇ ಬೀಸುವಾಗ ತಾನಾಗಿ ಬೀಳುವ ಒಂಟಿ ಗಂಟು ಅಲ್ಲಿತ್ತು. ಆ ಒಂಟಿ ಗಂಟು ದಾರದ ಬಲವನ್ನು ಅರ್ಧದಷ್ಟು ತಿಂದುಹಾಕಬಲ್ಲದು.

ಸಾಗರದ ಭಾವ: ಸುರುಳಿಯಾಗಿತ್ತು. ನನ್ನ ಕಣ್ಣ ಮುಂದೆ ಈಗಲೂ ಇದೆ.

ಹೊಸನಗರದ ಚಿಕ್ಕಪ್ಪ: ನೆಟ್ಟಗಿತ್ತು. ಮಾರುದ್ದ ದಾರ ಮೀನಿನ ಜೊತೆಗೇ ಹೋಯಿತು. ಗಂಟು ಜಾರಿದ್ದರೆ ಅಷ್ಟು ದಾರ ಹೋಗುತ್ತಿತ್ತೇ?

ದೊಡ್ಡಪ್ಪ: ಕೊಕ್ಕೆ, ಮಾರುದ್ದ ದಾರ ಎರಡನ್ನೂ ಹೊತ್ತುಕೊಂಡು ಹೋದ ಆ ಜೀವ ಏನಾಯಿತೆಂದು ನಿಮ್ಮಿಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.

ಕ್ಯಾಲ್ಗರಿಯ ತಮ್ಮ: ದೊಡ್ಡಪ್ಪ, ಗಂಟಿನ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದು ಅದೇ ಕಾರಣಕ್ಕೆ. ಮತ್ಸ್ಯಧಾಮದಲ್ಲಿ ಗಾಳ ಹಾಕುವ ಮಾತೇ ಇಲ್ಲ, ಅದು ನಿಷಿದ್ಧ ಮತ್ತು ಹಾಗೆಯೇ ಇರಬೇಕು. ಬೇರೆಡೆ ಗಾಳ ಹಾಕುವವನು ಕೆಟ್ಟ ಗಂಟು ಕಟ್ಟಿದರೆ ಅವನಿಗೆ ಹೋಗುವುದು ಒಂದು ಕೊಕ್ಕೆ ಮಾತ್ರ, ಮೀನಿಗೆ ಉಳಿಯುವುದು ಬಾಯಲ್ಲಿ ನೆಟ್ಟ ಕಬ್ಬಿಣ. ಗಟ್ಟಿ ಗಂಟಿದ್ದರೆ ಮೀನನ್ನು ದಣಿಸದೆ ಬೇಗನೆ ಹತ್ತಿರ ತಂದು, ನೀರಿನಲ್ಲೇ ಕೊಕ್ಕೆ ಬಿಡಿಸಬಹುದು. ಬಿಡಿಸುವುದು ಸುಲಭವಾಗಲೆಂದು ನಾನು ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿಬಿಡುತ್ತೇನೆ. ಕತ್ತರಿಸಿದ ನೈಲಾನ್ ಚೂರುಗಳನ್ನೂ ಜೇಬಿಗೆ ಹಾಕಿಕೊಳ್ಳುತ್ತೇನೆ. ತುಂಗೆಯ ದಡದಲ್ಲಿ ಎಸೆದ ಚೂರು ಮಂಡಗದ್ದೆಯಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರು ಯಾರು?

ದೊಡ್ಡಪ್ಪ: ಆಟವನ್ನು ನಾನು ಈಗಲೂ ಒಪ್ಪುವುದಿಲ್ಲ. ಚೂರು ಎತ್ತಿಕೊಳ್ಳುವ ಮಾತನ್ನು ಇಲ್ಲಿಯವರೂ ಪಾಲಿಸಲಿ.

ಕೊಪ್ಪದ ಅಣ್ಣ: ನಾನೀಗ ಕೆರೆಗೆ ಹೆಣೆದ ದಾರ ಬಳಸುತ್ತೇನೆ, ಕ್ಲಿಂಚ್ ಹಾಕಿದರೆ ಜಾರುತ್ತದೆ. ಅದಕ್ಕೇನು ಮಾಡಲಿ?

ಕ್ಯಾಲ್ಗರಿಯ ತಮ್ಮ: ಅದಕ್ಕೆ ಪಾಲೋಮರ್ ಹಾಕು ಅಣ್ಣ. ದಾರವನ್ನು ಮಡಿಸಿ ಎರಡೆಳೆಯಾಗಿ ಕಣ್ಣಿಗೆ ತೂರಿಸಿ, ಸಾದಾ ಗಂಟು ಹಾಕಿ, ಉಳಿದ ಕುಣಿಕೆಯೊಳಗಿನಿಂದ ಕೊಕ್ಕೆಯನ್ನೇ ದಾಟಿಸಿ ಬಿಗಿ. ನುಣುಪಾದ ಹೆಣೆದ ದಾರವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಫ್ಲೈಗೆ ನಾನು ಅದನ್ನು ಬಳಸುವುದು ಕಡಿಮೆ, ಪ್ರತಿ ಸಲ ಕಟ್ಟುವಾಗಲೂ ಟಿಪ್ಪೆಟ್ ಬಹಳ ಖರ್ಚಾಗುತ್ತದೆ.

ಸಾಗರದ ಭಾವ: ಇಷ್ಟೆಲ್ಲ ಓದಿದರೂ ಹತ್ತು ಸುತ್ತು ಸೋಲುತ್ತದೆಂದು ಯಾರೂ ತೋರಿಸಿಲ್ಲ.

ಶಿವಮೊಗ್ಗದ ಅಕ್ಕ: ತೋರಿಸೋಣ. ಭಾನುವಾರ ನಮ್ಮ ಮನೆಯ ಜಗಲಿಗೆ ಇಬ್ಬರೂ ಬನ್ನಿ. ಒಂದೇ ಉರುಳೆಯ ಹೊಸ ನೈಲಾನ್ ದಾರದಿಂದ ಚಿಕ್ಕಪ್ಪ ಐದು ಸುತ್ತಿನ ಗಂಟುಗಳನ್ನು, ಭಾವ ಹತ್ತು ಸುತ್ತಿನ ಗಂಟುಗಳನ್ನು ಕಟ್ಟಲಿ. ನೈಲಾನ್ ನೀರು ಹೀರಿದಾಗ ಅದರ ಬಲ ಸ್ವಲ್ಪ ಕುಗ್ಗುವುದರಿಂದ ಎಲ್ಲವನ್ನೂ ಒಂದೇ ಬಕೆಟ್ಟಿನಲ್ಲಿ ನೆನೆಸಿಟ್ಟು, ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಎಳೆಯುತ್ತೇನೆ. ಎಷ್ಟು ಕಿಲೋಗೆ ಹೋಯಿತು, ತುದಿ ಸುರುಳಿಯೋ ನೆಟ್ಟಗೋ ಎರಡನ್ನೂ ಬರೆದು ಇಲ್ಲಿ ಹಾಕುತ್ತೇನೆ.

ಹೊಸನಗರದ ಚಿಕ್ಕಪ್ಪ: ಒಪ್ಪಿದೆ. ದಾರವನ್ನು ಭಾವ ತರುವುದು ಬೇಡ.

ಸಾಗರದ ಭಾವ: ಚಿಕ್ಕಪ್ಪನೂ ತರುವುದು ಬೇಡ.

ಶಿವಮೊಗ್ಗದ ಅಕ್ಕ: ಗಾಂಧಿ ಬಜಾರಿನಲ್ಲಿ ನಾನೇ ಕೊಳ್ಳುತ್ತೇನೆ, ಉರುಳೆಯನ್ನು ನಿಮ್ಮಿಬ್ಬರ ಎದುರಿಗೇ ಒಡೆಯುತ್ತೇನೆ.