ಅಪ್‌ಡೇಟ್: ಅಜ್ಜನ ಕ್ಯಾಮೆರಾಕ್ಕೆ ಹೊಸ ಬೆಲ್ಲೋಸ್ ಹಾಕಿದೆ

ಧಾರವಾಡದ ನಮ್ಮಜ್ಜನ 4×5 ಇಂಚಿನ ಫಿಲ್ಮ್ ಹಾಕುವ ಕಟ್ಟಿಗೆ ಕ್ಯಾಮೆರಾದ ಬೆಲ್ಲೋಸ್ (ಲೆನ್ಸಿಗೂ ಫಿಲ್ಮಿಗೂ ನಡುವೆ ಹೊರಗಿನ ಬೆಳಕು ತಡೆಯುವ, ಮಡಿಕೆ ಮಡಿಕೆಯಾದ ಕೊಳವೆ) ತೂತು ಬಿದ್ದಿದೆ, ತೇಪೆ ಹಾಕಲೋ ಹೊಸದೇ ಮಾಡಲೋ ಅಂತ ಹೋದ ತಿಂಗಳು ಕೇಳಿದ್ದೆ.

ನೀವು ಹೇಳಿದಂತೆ ರಾತ್ರಿ ಲೈಟ್ ಆರಿಸಿ, ಒಳಗೆ ಟಾರ್ಚ್ ಇಟ್ಟು ನೋಡಿದೆ. ಅಬ್ಬಾ, ಚುಕ್ಕಿ ತುಂಬಿದ ಆಕಾಶ! ಬಹುತೇಕ ತೂತು ಮಡಿಕೆಯ ಮೂಲೆಗಳಲ್ಲೇ. ಕಪ್ಪು ಫ್ಯಾಬ್ರಿಕ್ ಪೇಂಟ್ ಹಚ್ಚಿದೆ. ನಾಲ್ಕು ಸಲ ಮಡಚಿ ಬಿಚ್ಚುವಷ್ಟರಲ್ಲಿ ಬಣ್ಣ ಬಿರಿಯಿತು.

ಆಮೇಲೆ ಹುಬ್ಬಳ್ಳಿಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಒಬ್ಬ ಹಿರಿಯರಿಗೆ ತೋರಿಸಿದೆ. "ಇದೂ ತಿದಿನ ಅಲ್ಲೇನ್ರಿ? ನಮ್ದು ಗಾಳಿ ತಡೀಬೇಕು, ನಿಮ್ದು ಬೆಳಕು ತಡೀಬೇಕು" ಅಂದರು. ಅವರ ಜೊತೆ ಕೂತೇ ಹೊಸದು ಮಾಡಿದ್ದು. ಹೊರಗೆ ಪರದೆಯ ಬ್ಲ್ಯಾಕೌಟ್ ಬಟ್ಟೆ, ಒಳಗೆ ಹೊಳಪಿಲ್ಲದ ತೆಳು ಕಪ್ಪು ಬಟ್ಟೆ, ನಡುವೆ ರಟ್ಟಿನ ಪಟ್ಟಿಗಳು. ಪಟ್ಟಿಗಳ ನಡುವೆ ಸಣ್ಣ ಸಂದು ಬಿಡಲೇಬೇಕು, ಇಲ್ಲದಿದ್ದರೆ ಮಡಿಕೆ ಕೂರಲ್ಲ. ಮೊದಲ ಸಲ ದಪ್ಪ ರಟ್ಟು ಹಾಕಿ ಕೆಟ್ಟೆ. ಕ್ಯಾಮೆರಾ ಮುಚ್ಚಲೇ ಇಲ್ಲ! ಎರಡನೇ ಸಲ ಮದುವೆ ಕಾರ್ಡಿನಷ್ಟು ತೆಳುವಾದದ್ದು ಹಾಕಿದೆ.

ಬೆಲ್ಲೋಸ್ ಉದ್ದ ಎಷ್ಟು ಅಂತ ಕೇಳಿದ್ದಿರಿ ಅಲ್ವಾ? ನನ್ನದು 150 ಮಿ.ಮೀ. ಲೆನ್ಸ್. ದೂರದ ದೃಶ್ಯಕ್ಕೆ ಸುಮಾರು ಅಷ್ಟೇ ಸಾಕು. ಆದರೆ ವಸ್ತು ಇದ್ದಷ್ಟೇ ದೊಡ್ಡದಾಗಿ ಫಿಲ್ಮಿನ ಮೇಲೆ ಬರಬೇಕಾದರೆ 300 ಬೇಕು. ಜಗ್ಗಿದರೆ ಹರಿಯಬಾರದು ಅಂತ 350 ಇಟ್ಟೆ.

ಭಾನುವಾರ ಉಣಕಲ್ ಕೆರೆ ಹತ್ತಿರ ಎರಡು ಶೀಟ್ ಫಿಲ್ಮಿನಲ್ಲಿ ಫೋಟೋ ತೆಗೆದೆ. ಒಂದರಲ್ಲಿ ಬೆಳಕಿನ ಕಲೆಯೇ ಇಲ್ಲ. ಇನ್ನೊಂದಕ್ಕೆ ಡಾರ್ಕ್ ಸ್ಲೈಡ್ (ಫಿಲ್ಮಿನ ಮುಂದೆ ಬೆಳಕು ತಡೆಯುವ ಹಲಗೆ) ಎಳೆಯಲು ಮರೆತಿದ್ದೆ. ಅದಕ್ಕೆ ಬೆಲ್ಲೋಸ್ ಏನು ಮಾಡೀತು?