‘ನಾಳೆಯಿಂದ ಡಯಟ್’ ಅನ್ನೋದನ್ನು ನಿಲ್ಲಿಸಿದವರು ಇದ್ದೀರಾ? ನಿಮಗೆ ನೀವೇ ಏನಂತ ಹೇಳಿಕೊಂಡಿರಿ?

ದಾವಣಗೆರೆಯಿಂದ:
ನನಗೆ 38 ವರ್ಷ. ಮದುವೆಯಾದಾಗಿನಿಂದ ಡಯಟ್ ಮಾಡುತ್ತಲೇ ಇದ್ದೇನೆ. ಜಿಎಂ ಡಯಟ್, ಕೀಟೋ, ಹದಿನಾರು ಗಂಟೆ ಉಪವಾಸ, ಎಲ್ಲ ಆಯಿತು. ತೂಕ ಇಳಿಯುತ್ತದೆ, ಮತ್ತೆ ಏರುತ್ತದೆ. ಹಗಲೆಲ್ಲ ಬಿಗಿಯಾಗಿರುತ್ತೇನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗಿ ಸಿಕ್ಕಿದ್ದನ್ನು ತಿನ್ನುತ್ತೇನೆ. ಹಸಿವಿಗಲ್ಲ. ಬೇಜಾರಿಗೆ, ಸಿಟ್ಟಿಗೆ. ಆಮೇಲೆ ನನಗೆ ನಾನೇ ಬೈದುಕೊಂಡು ಮಲಗುತ್ತೇನೆ. ಮನಸ್ಸಿನೊಳಗಿನ ಮಾತು ಬದಲಾದರೆ ಇದು ಕಡಿಮೆಯಾಗುತ್ತದೆ ಅಂತ ಗೆಳತಿ ಹೇಳಿದಳು. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಮೈಸೂರಿನಿಂದ, ಪ್ರೈಮರಿ ಶಾಲೆ ಟೀಚರ್:
‘ಹಸಿವಿಗಲ್ಲ’ ಅಂದಿದ್ದೀರಿ. ನಾನೂ ಎಷ್ಟೋ ವರ್ಷ ಹಾಗೇ ನಂಬಿದ್ದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ದೀಪಾವಳಿ ಮುಗಿದ ವಾರ. ಲೈಟ್ ಹಾಕದೆ ನಿಂತಿದ್ದೆ. ಕೋಡುಬಳೆ ಇದ್ದ ಸ್ಟೀಲ್ ಡಬ್ಬದ ಮುಚ್ಚಳವನ್ನು ಸದ್ದಾಗದ ಹಾಗೆ ತಿರುಗಿಸಿ ತಿರುಗಿಸಿ ತೆಗೆದೆ. ಒಂದು ತಿಂದೆ. ಒಳಗಿನಿಂದ ಮಾತು ಶುರುವಾಯಿತು: “ಥೂ, ನಾಚಿಕೆ ಆಗಲ್ವಾ ನಿನಗೆ? ಹೇಗೂ ಕೆಟ್ಟಿತಲ್ಲ, ಇವತ್ತು ಮುಗಿಸಿಬಿಡು. ನಾಳೆಯಿಂದ ಕಟ್ಟುನಿಟ್ಟು.” ಗಮನಿಸಿ ನೋಡಿ, ಬೈಗುಳದ ಬೆನ್ನಿಗೇ ಅಪ್ಪಣೆಯೂ ಬರುತ್ತದೆ. ನಾಳೆಯಿಂದ ಸಿಗೋದಿಲ್ಲ ಅಂದಮೇಲೆ ಇವತ್ತು ಕೈ ನಿಲ್ಲುತ್ತದಾ?

ಅದೇ ಹೊತ್ತಿಗೆ ಊರಿಂದ ಅಮ್ಮನ ಫೋನ್ ಬಂತು. ಅವರ ಮೊದಲ ಮಾತು ಯಾವಾಗಲೂ ಒಂದೇ, “ಊಟ ಆಯ್ತಾ?” ಬಾಯಲ್ಲಿ ಕೋಡುಬಳೆ ಇಟ್ಟುಕೊಂಡೇ “ಹ್ಞೂ ಆಯ್ತಮ್ಮ” ಅಂದೆ. ಫೋನ್ ಇಟ್ಟಮೇಲೆ ಹೊಳೆಯಿತು, ಆಗಿರಲಿಲ್ಲ. ಬೆಳಗ್ಗೆ ಗ್ರೀನ್ ಟೀ, ಮಧ್ಯಾಹ್ನ ಸೌತೆಕಾಯಿ ಮತ್ತು ಒಂದು ಚಪಾತಿ, ರಾತ್ರಿ ಬರೀ ಸೂಪ್. ಊಟ ಅನ್ನೋದೇ ಇರಲಿಲ್ಲ ಆ ದಿನದಲ್ಲಿ. ನಾನು ನಿಜವಾಗಿ ಹಸಿದಿದ್ದೆ.

ಅವತ್ತಿಂದ ಡಬ್ಬದ ಮುಂದೆ ನಿಂತಾಗ ಅದನ್ನೇ ಕೇಳಿಕೊಳ್ಳುತ್ತೇನೆ. ಅಮ್ಮ ಕೇಳುವ ದನಿಯಲ್ಲೇ, “ಊಟ ಆಯ್ತಾ?” ಆಗಿಲ್ಲ ಅಂದರೆ ಲೈಟ್ ಹಾಕಿ, ಅನ್ನ ಸಾರು ಬಿಸಿ ಮಾಡಿ, ತಟ್ಟೆ ಹಿಡಿದು ಕೂರುತ್ತೇನೆ. ಆಗಿದೆ ಅಂದರೆ ಎರಡನೇ ಪ್ರಶ್ನೆ, “ಏನಾಯ್ತು ಇವತ್ತು?” ಉತ್ತರ ಬಂದೇ ಬರುತ್ತದೆ. ಸ್ಟಾಫ್ ರೂಮಿನಲ್ಲಿ ಯಾರೋ ಚುಚ್ಚಿದ್ದು, ಗಂಡನ ಜೊತೆ ಅರ್ಧಕ್ಕೆ ನಿಂತ ಜಗಳ. ಕೆಲವು ಸಲ ಅಳು ಬರುತ್ತದೆ. ಅಳುತ್ತೇನೆ. ಆಮೇಲೂ ಕೋಡುಬಳೆ ಬೇಕು ಅನಿಸಿದರೆ ತಟ್ಟೆಗೆ ಎರಡು ಹಾಕಿಕೊಂಡು ಕೂತು ತಿನ್ನುತ್ತೇನೆ. ಕದ್ದಲ್ಲ.

‘ನಾಳೆಯಿಂದ’ ಇದ್ದ ಜಾಗಕ್ಕೆ ಬಂದ ಮಾತು ಇಷ್ಟೇ: “ತಿಂದೆ. ಆಯಿತು. ಬೆಳಗ್ಗೆ ತಿಂಡಿ ಬಿಡಬೇಡ.” ಕೊನೆಯದ್ದು ಬಹಳ ಮುಖ್ಯ. ತಿಂಡಿ ಬಿಟ್ಟ ದಿನ ರಾತ್ರಿ ಡಬ್ಬ ಕರೆಯುತ್ತದೆ.

ಇನ್ನೊಂದು. ಕನ್ನಡಿ ಮುಂದೆ ನಿಂತು “ನಾನು ಸುಂದರವಾಗಿದ್ದೇನೆ” ಅಂತ ಹೇಳಿಕೊಳ್ಳೋದು ನನಗೆ ಆಗಲಿಲ್ಲ. ನಂಬಿಕೆಯೇ ಬರಲಿಲ್ಲ. ನಿಮಗೆ ನಿಜ ಅನಿಸುವ ಸಣ್ಣ ಮಾತನ್ನೇ ಆರಿಸಿಕೊಳ್ಳಿ.

ಬೆಂಗಳೂರಿನಿಂದ, ಐಟಿ ಕೆಲಸ:
ಗಂಡಸರಿಗೂ ಇದು ಇದೆ, ಹೇಳಿಕೊಳ್ಳೋದು ಕಡಿಮೆ. ನಾನು ನನ್ನನ್ನು ‘ಹೊಟ್ಟೆಬಾಕ’ ಅಂತಲೇ ಕರೆದುಕೊಳ್ಳುತ್ತಿದ್ದೆ. ಅದನ್ನು ಬಿಡಿಸಿದ್ದು ಒಂದು ಹಳೆಯ ಪ್ರಯೋಗ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಒಪ್ಪಿ ಬಂದ 36 ಆರೋಗ್ಯವಂತ ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ದಿನಕ್ಕೆ 1,600 ಕ್ಯಾಲೊರಿ ಆಸುಪಾಸು. ಅವರಿಗೆ ಹಗಲು ರಾತ್ರಿ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ಮತ್ತೆ ಊಟ ಸಿಕ್ಕಾಗ ಎಷ್ಟು ತಿಂದರೂ ಕೆಲವರಿಗೆ ಸಾಕು ಅನಿಸಲಿಲ್ಲ.

ನನ್ನ ಡಯಟ್ ಚಾರ್ಟಿನಲ್ಲಿ ಇದ್ದದ್ದು 1,200. ಈಗ ರಾತ್ರಿ ಕೈ ಡಬ್ಬಕ್ಕೆ ಹೋದರೆ “ದೇಹ ಬರಗಾಲ ಬಂತು ಅಂದುಕೊಂಡಿದೆ” ಅಂತ ಹೇಳಿಕೊಳ್ಳುತ್ತೇನೆ. ಹೊಟ್ಟೆಬಾಕನ ಮೇಲೆ ಸಿಟ್ಟು ಬರುತ್ತದೆ, ಹಸಿದವನ ಮೇಲೆ ಬರೋದಿಲ್ಲ.

ಟೀಚರ್ ಮೇಡಂ ಹೇಳಿದ್ದಕ್ಕೂ ಆಧಾರ ಇದೆ. ಕ್ಲೇರ್ ಆಡಮ್ಸ್ ಮತ್ತು ಮಾರ್ಕ್ ಲಿಯರಿ ಎಂಬ ಮನಶ್ಶಾಸ್ತ್ರ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ಹುಡುಗಿಯರಿಗೆ ಮೊದಲು ಡೋನಟ್ ತಿನ್ನಿಸಿದರು. ಕೆಲವರಿಗೆ ಮಾತ್ರ “ಎಲ್ಲರೂ ಹೀಗೆ ತಿನ್ನುತ್ತಾರೆ, ಬೈದುಕೊಳ್ಳಬೇಡಿ” ಅನ್ನೋ ಅರ್ಥದ ಮಾತು ಹೇಳಿದರು. ಆಮೇಲೆ ಮಿಠಾಯಿ ರುಚಿ ನೋಡಲು ಕೊಟ್ಟರು. ಸದಾ ಡಯಟಿನಲ್ಲಿ ಇರುವವರ ಪೈಕಿ, ಆ ಮಾತು ಕೇಳಿದವರೇ ಕಡಿಮೆ ತಿಂದರು.

ಶಿವಮೊಗ್ಗದಿಂದ:
ನನ್ನ ತಲೆಯೊಳಗಿನ ದನಿ ನನ್ನದೇ ಆಗಿರಲಿಲ್ಲ. ಮದುವೆಮನೆಯಲ್ಲಿ “ಏನೇ, ಇಷ್ಟು ದಪ್ಪ ಆಗಿಬಿಟ್ಟಿದ್ದೀಯಾ” ಅಂದ ಅತ್ತೆಯದು. ಅದನ್ನು ಮನೆಯಲ್ಲಿ ಜೋರಾಗಿ ಹೇಳಿಕೊಳ್ಳುತ್ತಿದ್ದೆ. ಆರು ವರ್ಷದ ಮಗಳು ಒಂದಿನ ಕನ್ನಡಿ ಮುಂದೆ ಲಂಗ ಸರಿಸಿ ಹೊಟ್ಟೆ ಹಿಡಿದು ನೋಡಿ, “ನಂಗೂ ಹೊಟ್ಟೆ ಬಂದಿದೆ, ಚಪಾತಿ ಬೇಡ” ಅಂದಳು. ಅವತ್ತೇ ಬಾಯಿಂದ ಹೊರಗೆ ಹೇಳೋದು ನಿಂತಿತು. ಒಳಗಡೆ ನಿಲ್ಲಲು ಇನ್ನೂ ಒಂದು ವರ್ಷ ಹಿಡಿಯಿತು.

ಮಂಗಳೂರಿನಿಂದ:
ಒಂದು ಮಾತು ಸೇರಿಸಬೇಕು. ನಾನು ತಿಂದದ್ದನ್ನೆಲ್ಲ ವಾಂತಿ ಮಾಡಿಕೊಳ್ಳುವ ಮಟ್ಟಕ್ಕೆ ಹೋಗಿದ್ದೆ. ಅಲ್ಲಿಗೆ ಮುಟ್ಟಿದ ಮೇಲೆ ಮನಸ್ಸಿನ ಮಾತೊಂದೇ ಸಾಕಾಗೋದಿಲ್ಲ, ಚಿಕಿತ್ಸೆ ಬೇಕು. ಮನೋವೈದ್ಯರ ಹತ್ತಿರ ಹೋಗೋಕೆ ಅಂಜಿಕೆ ಅಂದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಲೇಬೇಡಿ.

ದಾವಣಗೆರೆಯಿಂದ:
ಎಲ್ಲ ಓದಿದೆ, ಎರಡು ಸಲ. ಮೈಸೂರಿನ ಅಕ್ಕಾ, ಹೊಟ್ಟೆ ತುಂಬ ಉಣ್ಣೋಕೆ ಶುರು ಮಾಡಿದಾಗ ತೂಕ ಏರಲಿಲ್ವಾ? ನನಗೆ ಅದೇ ಭಯ.

ಮೈಸೂರಿನಿಂದ:
ಏರಿತಮ್ಮ. ಮೊದಲ ಮೂರು ತಿಂಗಳಲ್ಲಿ ಎರಡು ಕೆಜಿ. ತುಂಬ ಹೆದರಿದ್ದೆ. ಆಮೇಲೆ ನಿಂತಿತು. ಇಳಿದಿಲ್ಲ, ಸುಳ್ಳು ಹೇಳೋದಿಲ್ಲ. ಆದರೆ ಈ ಸಲ ದೀಪಾವಳಿಗೆ ಮಾಡಿದ ಕೋಡುಬಳೆ ಸಂಕ್ರಾಂತಿ ಕಳೆದರೂ ಇತ್ತು. ಡಬ್ಬದ ತಳದಲ್ಲಿದ್ದ ನಾಲ್ಕು ಕಮಟು ವಾಸನೆ ಬಂದು ಎಸೆಯಬೇಕಾಯಿತು. ನಮ್ಮ ಮನೆಯಲ್ಲಿ ಹಾಗಾಗಿದ್ದು ಅದೇ ಮೊದಲು.